ಹಳದಿ ಕೆಂಪಾಗುವ ಹೊತ್ತು

ಆಕ್ಸ್‌ಫರ್ಡಿನ ಮೊದಲ ರೋಗಿಯ ಮೈಗೆ ಪೆನಿಸಿಲಿನ್ ಸೇರುವ ಮುನ್ನವೇ ಅದನ್ನು ಮುರಿಯಬಲ್ಲ ಕಿಣ್ವ ಅದೇ ಪ್ರಯೋಗಶಾಲೆಯಲ್ಲಿ ಪತ್ತೆಯಾಗಿತ್ತು! ಅಂದಿನಿಂದ ಇಂದಿನವರೆಗೆ ಆಸ್ಪತ್ರೆಗೆ ಬಂದ ಹೊಸ ಹೊಸ ಔಷಧಗಳ ಬೆನ್ನಿಗೆ ಆ ಕಿಣ್ವದ ಹೊಸ ಹೊಸ ರೂಪ ಎದ್ದುನಿಂತಿದೆ. ಅದನ್ನು ಹುಟ್ಟಿಸಿದವರು ನಾವಲ್ಲ. ಅದು ನಡೆದುಬಂದ ದಾರಿಯನ್ನು ಕಡಿದುಕೊಟ್ಟವರು ಮಾತ್ರ ನಾವೇ.

ಇರುಳೆಲ್ಲ ಮನುಷ್ಯನ ಮೈಶಾಖಕ್ಕೆ ಸಮನಾದ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿದ್ದ ತಟ್ಟೆಗಳನ್ನು ಹೊರತೆಗೆದು ಮೇಜಿನ ಮೇಲೆ ಹರಡಿಕೊಂಡು, ಅವುಗಳಲ್ಲೊಂದರ ಮೇಲೆ ಸಾಸಿವೆ ಕಾಳಿನಷ್ಟು ದಪ್ಪಕ್ಕೆ ಬೆಳೆದುನಿಂತಿದ್ದ ಬೂದುಬಿಳಿಯ ಚುಕ್ಕೆಯೊಂದನ್ನು ತಂತಿಯ ಕುಣಿಕೆಯಿಂದ ಮೆಲ್ಲನೆತ್ತಿ, ಹನಿ ನೀರಿನಲ್ಲಿ ನೆನೆಸಿದ ಹಳದಿ ಕಾಗದದ ಪುಟ್ಟ ಬಿಲ್ಲೆಯ ಮೇಲೆ ಸವರಿದ ಪ್ರಯೋಗಶಾಲೆಯ ಹಿರಿಯ ತಂತ್ರಜ್ಞೆಯೊಬ್ಬರು, ಸುತ್ತ ನಿಂತಿದ್ದ ವಿದ್ಯಾರ್ಥಿಗಳಿಗೆ ಹೇಳಿದ್ದು ಒಂದೇ ಮಾತು: “ಆಚೆ ಈಚೆ ನೋಡಬೇಡಿ, ಬಿಲ್ಲೆಯನ್ನೇ ನೋಡಿ.”

ಸವರಿದ ಜಾಗದಲ್ಲಿ ಹಳದಿ ಮೊದಲು ಮಾಸಿತು, ಬಳಿಕ ಕಿತ್ತಳೆಯಾಯಿತು, ನೋಡನೋಡುತ್ತಿದ್ದಂತೆಯೇ ಕೆಂಪಾಯಿತು. ಮದುವಣಿಗರನ್ನೋ ಬಾಣಂತಿಯನ್ನೋ ಹೊಸ್ತಿಲಲ್ಲಿ ನಿಲ್ಲಿಸಿ ಆರತಿಯೆತ್ತುವಾಗ, ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದೊಡನೆ ತಟ್ಟೆಯ ನೀರು ಕೆಂಪೇರುವುದಲ್ಲವೇ, ಅದೇ ಬಗೆ. ಆ ಕೆಂಪು ದೃಷ್ಟಿ ತೆಗೆಯುವ ಕೆಂಪು. ಈ ಕೆಂಪನ್ನು ಕಂಡ ವೈದ್ಯನ ಎದೆ ಭಾರವಾಗುತ್ತದೆ.

ಬಿಲ್ಲೆಯಲ್ಲಿದ್ದದ್ದು ನೈಟ್ರೊಸೆಫಿನ್ ಎಂಬ, ಪೆನಿಸಿಲಿನ್ನಿನ ದಾಯಾದಿ ಕುಲಕ್ಕೆ ಸೇರಿದ ವಸ್ತು. ಅದರ ಅಣುವಿನೊಳಗೆ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರವಿದೆ. ಉಂಗುರ ಇಡಿಯಾಗಿರುವ ತನಕ ಬಣ್ಣ ಹಳದಿ. ಮುರಿದ ಗಳಿಗೆಯಲ್ಲಿ ಕೆಂಪು. ಮೂತ್ರದ ಸೋಂಕಿನಿಂದ ನರಳುತ್ತಿದ್ದ ರೋಗಿಯೊಬ್ಬರಿಂದ ಬೆಳೆಸಿದ ಆ ಚುಕ್ಕೆಯಲ್ಲಿ ನೆರೆದಿದ್ದ ಕೋಟ್ಯಂತರ ಇ. ಕೋಲಿ ಬ್ಯಾಕ್ಟೀರಿಯಗಳು ಉಂಗುರ ಮುರಿಯುವ ಕಿಣ್ವವನ್ನು ತಮ್ಮೊಡನೆ ಹೊತ್ತು ತಂದಿದ್ದವು. ಅದರ ಹೆಸರು ಬೀಟಾ-ಲ್ಯಾಕ್ಟಮೇಸ್.

ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ಔಷಧ ಪ್ರತಿರೋಧದ ಅರಿವಿನ ಸಪ್ತಾಹವನ್ನು ಲೋಕವೆಲ್ಲ ಆಚರಿಸುತ್ತದೆ. ಭಿತ್ತಿಪತ್ರಗಳು ಮೂಡುತ್ತವೆ, ಭಾಷಣಗಳು ನಡೆಯುತ್ತವೆ. ಆದರೆ ಆ ಭಿತ್ತಿಪತ್ರಗಳಲ್ಲಿ ‘ಪ್ರತಿರೋಧ’ ಎಂಬ ಒಂದು ನಿರಾಕಾರ ಶಬ್ದವಿರುತ್ತದೆಯೇ ಹೊರತು, ಆ ಶಬ್ದದ ಹಿಂದೆ ಇರುವ, ರೂಪವೂ ಹೆಸರೂ ಹುಟ್ಟೂರೂ ವಂಶವೃಕ್ಷವೂ ಉಳ್ಳ ಈ ಕಿಣ್ವಗಳ ಕಥೆ ಇರುವುದಿಲ್ಲ. ನನಗೂ ಅದು ತಿಳಿದದ್ದು ನಮ್ಮ ಮನೆಯವರೊಬ್ಬರು ಹಾಸಿಗೆ ಹಿಡಿದಾಗ.

ಎಪ್ಪತ್ತು ದಾಟಿದ ನಮ್ಮ ಸೋದರತ್ತೆಗೆ ಚಳಿಜ್ವರ ಬಂದು, ಮೂತ್ರ ಉರಿದು, ಎರಡು ಬಗೆಯ ಗುಳಿಗೆಗಳಿಗೂ ಜಗ್ಗದೆ, ಮಾತು ತೊದಲುವಷ್ಟಾದಾಗ ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ಕಲ್ಚರ್ ರಿಪೋರ್ಟು ಕೈಗೆ ಬಂತು. ಔಷಧಗಳ ಹೆಸರು ಒಂದು ಸಾಲಿನಲ್ಲಿ, ಎದುರಿಗೆ ಒಂದೊಂದೇ ಅಕ್ಷರ. ‘ಎಸ್’ ಎಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯ ಮಣಿಯುತ್ತದೆ, ‘ಆರ್’ ಎಂದರೆ ಮಣಿಯದು. ಮೇಲಿನಿಂದ ಕೆಳಗೆ ಬೆರಳಿಟ್ಟು ಓದುತ್ತ ಬಂದೆ: ಆರ್, ಆರ್, ಆರ್, ಆರ್. ತೀರ ಕೆಳಗೆ ಎರಡು ಮೂರು ಕಡೆ ‘ಎಸ್’ ಎಂದಿತ್ತು. ಕೊನೆಯಲ್ಲಿ ಮುದ್ರೆಯೊತ್ತಿದ ಒಂದು ಸಾಲು: ‘ಇ.ಎಸ್.ಬಿ.ಎಲ್. ಪಾಸಿಟಿವ್’. ಆ ನಾಲ್ಕಕ್ಷರದ ಅರ್ಥವನ್ನು ಅರಸಿ ಹೊರಟವನಿಗೆ ದೊರೆತದ್ದು ಈ ವೃತ್ತಾಂತ.

ಯುದ್ಧದ ಇರುಳುಗಳಲ್ಲಿ

ಅಲೆಗ್ಸಾಂಡರ್ ಫ್ಲೆಮಿಂಗ್ 1928ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಬೂಷ್ಟು ಹಿಡಿದ ತಟ್ಟೆಯೊಂದನ್ನು ಕಂಡು ಬೆರಗಾದ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಬೂಷ್ಟಿನ ರಸವನ್ನು ಔಷಧವನ್ನಾಗಿ ಮಾಡುವ ಕಷ್ಟದ ಕೆಲಸ ನಡೆದದ್ದು ಹತ್ತು ವರ್ಷಗಳ ತರುವಾಯ, ಆಕ್ಸ್‌ಫರ್ಡಿನಲ್ಲಿ, ಹೊವಾರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮತ್ತವರ ಸಂಗಡಿಗರ ಕೈಯಲ್ಲಿ.

ಜರ್ಮನಿಯ ವಿಮಾನಗಳು ಬ್ರಿಟನ್ನಿನ ಮೇಲೆ ಬಾಂಬು ಸುರಿಸುತ್ತಿದ್ದ ಕಾಲವದು. ಪಾತ್ರೆಗಳು ದೊರೆಯದೆ ರೋಗಿಗಳ ಮಲಪಾತ್ರೆಗಳಲ್ಲೇ ಬೂಷ್ಟು ಬೆಳೆಸಿದರು. ಶತ್ರು ಒಳನುಗ್ಗಿದರೆ ಎಲ್ಲವನ್ನೂ ನಾಶಮಾಡಿ ಹೊರಡಬೇಕಾದೀತೆಂದು ಬೂಷ್ಟಿನ ಬೀಜಕಣಗಳನ್ನು ತಮ್ಮ ಕೋಟಿನ ಒಳಮೈಗೆ ಉಜ್ಜಿಕೊಂಡರು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಸೋಂಕನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟು, ಹೀಟ್ಲಿ ರಾತ್ರಿಯೆಲ್ಲ ಕಾದು ಕುಳಿತರು. ನಸುಕಿಗೆ ಮುನ್ನ ಔಷಧವಿಲ್ಲದ ನಾಲ್ಕೂ ಸತ್ತಿದ್ದವು. ಔಷಧ ಪಡೆದವು ಬದುಕಿದ್ದವು.

ಅದೇ ವರ್ಷದ ಡಿಸೆಂಬರ್ 28ರ ‘ನೇಚರ್’ ಪತ್ರಿಕೆಯಲ್ಲಿ ಚೈನ್ ಮತ್ತು ಎಡ್ವರ್ಡ್ ಏಬ್ರಹಾಂ ಬರೆದ ಒಂದು ಕಿರುಪತ್ರ ಅಚ್ಚಾಯಿತು. ಇಂದು ಇ. ಕೋಲಿ ಎಂದು ಕರೆಯುವ ಬ್ಯಾಕ್ಟೀರಿಯವನ್ನು ಅರೆದು ಹಿಂಡಿದ ರಸಕ್ಕೆ ಪೆನಿಸಿಲಿನ್ ಬೆರೆಸಿದರೆ ಪೆನಿಸಿಲಿನ್ನಿನ ಶಕ್ತಿಯೇ ಹೋಗಿಬಿಡುತ್ತದೆಯೆಂದೂ, ಆ ರಸದಲ್ಲೊಂದು ಕಿಣ್ವವಿರಬೇಕೆಂದೂ ಅವರು ಹೇಳಿ, ಅದನ್ನು ‘ಪೆನಿಸಿಲಿನೇಸ್’ ಎಂದು ಕರೆದರು.

ದಿನಾಂಕಗಳನ್ನು ಓದುಗರು ಒಮ್ಮೆ ಗಮನಿಸಬೇಕು. ಆ ತಂಡ ತನ್ನ ಮೊದಲ ರೋಗಿಗೆ, ಮುಖವೆಲ್ಲ ಕೀವುಗಟ್ಟಿ ಒಂದು ಕಣ್ಣನ್ನೇ ಕಳೆದುಕೊಂಡಿದ್ದ ಪೊಲೀಸ್ ಪೇದೆಗೆ, ಚಿಕಿತ್ಸೆ ಆರಂಭಿಸಿದ್ದು 1941ರ ಫೆಬ್ರವರಿ 12ರಂದು. ಆತ ಚೇತರಿಸಿಕೊಂಡ, ಔಷಧ ಸಾಲದೆ ಅವನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ಶೋಧಿಸಿ ಅವನಿಗೇ ಕೊಟ್ಟರು, ಕಡೆಗೆ ಅದೂ ಮುಗಿದು ಮಾರ್ಚ್ 15ರಂದು ತೀರಿಕೊಂಡ. ಔಷಧವನ್ನು ಮುರಿಯುವ ಕಿಣ್ವದ ವರ್ಣನೆ ಆ ಬಡಪಾಯಿ ಮಂಚವೇರುವುದಕ್ಕೆ ಆರು ವಾರ ಮೊದಲೇ ಅಚ್ಚಾಗಿತ್ತೆಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗೋಡೆ ಕಟ್ಟುವವನೂ ಉಂಗುರ ಮುರಿಯುವವನೂ

ಬ್ಯಾಕ್ಟೀರಿಯದ ಒಳಗಿನ ಒತ್ತಡ ಅಧಿಕ. ಅದು ಒಡೆಯದಂತೆ ಹಿಡಿದಿರುವುದು ಅದರ ಕೋಶಭಿತ್ತಿ. ಸಕ್ಕರೆಯ ಸರಗಳನ್ನು ಅಮೈನೊ ಆಮ್ಲಗಳ ಕಿರುಎಳೆಗಳಿಂದ ಅಡ್ಡಡ್ಡ ಬಿಗಿದು ನೇಯ್ದ ಬಲೆಯಂತಿರುವ ಆ ಭಿತ್ತಿಯಲ್ಲಿ, ಎಳೆಗೆ ಎಳೆಯನ್ನು ಗಂಟುಹಾಕುವ ನೇಕಾರರು ಕೆಲವು ಪ್ರೋಟೀನುಗಳು. ಪೆನಿಸಿಲಿನ್ ಅಣುವಿನ ಆಕಾರ ಆ ಎಳೆಯ ತುದಿಯಂತೆಯೇ ಇದೆಯೆಂದು 1965ರಲ್ಲಿ ಟಿಪ್ಪರ್ ಮತ್ತು ಸ್ಟ್ರೋಮಿಂಗರ್ ತೋರಿಸಿಕೊಟ್ಟರು. ಎಳೆಯೆಂದೇ ಭ್ರಮಿಸಿ ಪೆನಿಸಿಲಿನ್ನನ್ನು ಹಿಡಿದ ನೇಕಾರನ ಕೈ ಅದಕ್ಕೇ ಅಂಟಿಕೊಂಡುಬಿಡುತ್ತದೆ. ಗಂಟು ಬೀಳದು, ಭಿತ್ತಿ ಸಡಿಲುತ್ತದೆ, ಬ್ಯಾಕ್ಟೀರಿಯ ಸಿಡಿದು ಸಾಯುತ್ತದೆ.

ಪೆನಿಸಿಲಿನ್ನಿನ ಸತ್ತ್ವವೆಲ್ಲ ಅಡಗಿರುವುದು ನಾಲ್ಕು ಪರಮಾಣುಗಳ ಆ ಉಂಗುರದಲ್ಲಿ. ಬಾಗಿಸಿ ಹಿಡಿದ ಬಿದಿರ ಕಡ್ಡಿಯಂತೆ ಅದು ಬಿಗುವಿನಲ್ಲಿರುತ್ತದೆ. ಅಂತೆಯೇ ತಾಗಿದವರಿಗೆ ಥಟ್ಟನೆ ತೆರೆದುಕೊಂಡು ಅಂಟುತ್ತದೆ. ಇಂಥ ಉಂಗುರ ನಿಸರ್ಗದಲ್ಲಿ ಇರಲಾರದೆಂದು ರಾಬರ್ಟ್ ರಾಬಿನ್‌ಸನ್ನರಂತಹ ಮಹಾರಸಾಯನಜ್ಞರೂ ಒಪ್ಪದಿದ್ದಾಗ, 1945ರಲ್ಲಿ ಕ್ಷ-ಕಿರಣಗಳಿಂದ ಅದನ್ನು ಕಂಡು ವಾದವನ್ನು ಮುಗಿಸಿದವರು ಡಾರೊತಿ ಹಾಜ್‌ಕಿನ್. ಕೈಬೆರಳುಗಳನ್ನು ಸಂಧಿವಾತ ತಿರುಚಿದ್ದರೂ ಹರಳುಗಳ ಸೂಕ್ಷ್ಮ ಕೆಲಸವನ್ನು ಬಿಡದ ಆ ಮಹಾತಾಯಿಗೆ 1964ರಲ್ಲಿ ನೊಬೆಲ್ ಸಂದಿತು.

ಬೀಟಾ-ಲ್ಯಾಕ್ಟಮೇಸ್ ಮಾಡುವುದಾದರೂ ಏನು? ಅದೂ ನೇಕಾರನಂತೆಯೇ ಪೆನಿಸಿಲಿನ್ನನ್ನು ಕೈಗೆತ್ತಿಕೊಳ್ಳುತ್ತದೆ, ಉಂಗುರವನ್ನು ತೆರೆಯುತ್ತದೆ, ಅದಕ್ಕೆ ಅಂಟಿಕೊಳ್ಳುತ್ತದೆ. ಆದರೆ ತನ್ನ ಮಡಿಲಿನಲ್ಲೇ ಸರಿಯಾದ ಎಡೆಯಲ್ಲಿ ಇರಿಸಿಕೊಂಡಿರುವ ಒಂದು ನೀರಿನ ಅಣುವನ್ನು ಆ ಅಂಟಿನ ಮೇಲೆ ಹಾಯಿಸಿ ಕೈ ಬಿಡಿಸಿಕೊಳ್ಳುತ್ತದೆ. ಮುರಿದ ಪೆನಿಸಿಲಿನ್ ಆಚೆಗೆ. ಕಿಣ್ವ ಮತ್ತೊಂದಕ್ಕೆ ಸಿದ್ಧ. ನೇಕಾರನಿಗೂ ಇದಕ್ಕೂ ಇರುವ ಅಂತರ ಆ ಒಂದು ಹನಿಗಿಂತಲೂ ಎಷ್ಟೋ ಕಿರಿದಾದ ನೀರು.

ಈ ಸಾಮ್ಯ ಕಾಕತಾಳೀಯವಲ್ಲ. ಭಿತ್ತಿಯನ್ನು ನೇಯುವ ಪ್ರೋಟೀನುಗಳ ವಂಶದಲ್ಲೇ, ಬಹು ಪುರಾತನ ಕಾಲದಲ್ಲಿ, ಕವಲೊಡೆದು ಹುಟ್ಟಿದ ಕುಡಿ ಇದು. ಪೆನಿಸಿಲಿನ್ ಯಾರನ್ನು ಕೊಲ್ಲುತ್ತದೆಯೋ ಅವರ ಮನೆಯಲ್ಲೇ ಅದನ್ನು ಎದುರಿಸುವವನೂ ಹುಟ್ಟಿದ.

> ಕ್ಷಣಕ್ಕೆ ಸಾವಿರ
> ಆಸ್ಪತ್ರೆಯ ಬ್ಯಾಕ್ಟೀರಿಯಗಳಲ್ಲಿ ಬಹು ಸಾಮಾನ್ಯವಾದ ಟೆಮ್-1 ಎಂಬ ಕಿಣ್ವ 263 ಅಮೈನೊ ಆಮ್ಲಗಳ ಒಂದು ಸರಪಳಿ. ಅದರ ಒಂದೇ ಅಣು ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಪೆನಿಸಿಲಿನ್ ಅಣುಗಳನ್ನು ಮುರಿಯಬಲ್ಲದು. ಒಂದೊಂದು ಬ್ಯಾಕ್ಟೀರಿಯದಲ್ಲೂ ಇಂಥ ಅಣುಗಳು ಸಹಸ್ರ ಸಂಖ್ಯೆಯಲ್ಲಿರಬಲ್ಲವು.

ಅಥೆನ್ಸಿನ ಮೂರಕ್ಷರ

ಯುದ್ಧ ಮುಗಿದು ಪೆನಿಸಿಲಿನ್ ಎಲ್ಲರಿಗೂ ದಕ್ಕತೊಡಗಿದಾಗ ಮೊದಲು ಬದಲಾದದ್ದು ಗಾಯಗಳಲ್ಲಿ ಕೀವುಗಟ್ಟಿಸುವ ಸ್ಟ್ಯಾಫಿಲೊಕಾಕಸ್. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ವೈದ್ಯೆ ವರ್ಷ ವರ್ಷವೂ ಲೆಕ್ಕವಿಟ್ಟು ನೋಡಿದಾಗ, 1948ರ ವೇಳೆಗೆ ಅಲ್ಲಿನ ಸ್ಟ್ಯಾಫಿಲೊಕಾಕಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪೆನಿಸಿಲಿನೇಸ್ ಹೊತ್ತು ಔಷಧಕ್ಕೆ ಬೆನ್ನು ತಿರುಗಿಸಿದ್ದವು. ಬ್ಯಾಕ್ಟೀರಿಯಗಳು ಔಷಧಕ್ಕೆ ‘ಒಗ್ಗಿಕೊಂಡವು’ ಎಂದು ನಾವು ಸಡಿಲವಾಗಿ ಹೇಳುವುದುಂಟು. ಬಾರ್ಬರ್ ಕಂಡದ್ದು ಬೇರೆ: ಔಷಧ ಸೌಮ್ಯ ಕುಲಗಳನ್ನು ಅಳಿಸುತ್ತ ಹೋದಂತೆ, ಮೊದಲೇ ಕಿಣ್ವವುಳ್ಳ ಕುಲಗಳು ಆ ತೆರವಾದ ಜಾಗಕ್ಕೆ ಬಂದು ನೆಲೆಸಿ, ಒಬ್ಬರ ಕೈಯಿಂದ ಇನ್ನೊಬ್ಬರ ಗಾಯಕ್ಕೆ ಹರಡುತ್ತಿದ್ದವು.

ಅದೇ ಹ್ಯಾಮರ್‌ಸ್ಮಿತ್ತಿನಲ್ಲಿ ದುಡಿದ ಇನ್ನೊಬ್ಬ ವಿದುಷಿ ನವೋಮಿ ದತ್ತ. ಜಪಾನಿನ ವಿಜ್ಞಾನಿಗಳು 1950ರ ದಶಕದ ಕೊನೆಗೆ ಒಂದು ವಿಚಿತ್ರವನ್ನು ಕಂಡಿದ್ದರು: ಆಮಶಂಕೆಯ ಬ್ಯಾಕ್ಟೀರಿಯವೊಂದು ಹಲವು ಔಷಧಗಳ ಪ್ರತಿರೋಧವನ್ನು ಒಂದೇ ಗಂಟಿನಲ್ಲಿ ಇ. ಕೋಲಿಯಿಂದ ಪಡೆಯಬಲ್ಲದು, ಮರಳಿ ಕೊಡಬಲ್ಲದು. ಆ ಗಂಟೇ ಪ್ಲಾಸ್ಮಿಡ್; ಬ್ಯಾಕ್ಟೀರಿಯದ ಮುಖ್ಯ ವರ್ಣತಂತುವಿನಿಂದ ಹೊರಗೆ ಸ್ವತಂತ್ರವಾಗಿ ಸುತ್ತಿಕೊಂಡಿರುವ ಡಿಎನ್‌ಎ ಬಳೆ. ತಾಯಿಯಿಂದ ಮಗಳಿಗೆ ಮಾತ್ರವಲ್ಲ, ನೆರೆಯವರಿಂದ ನೆರೆಯವರಿಗೂ, ಜಾತಿಯಿಂದ ಜಾತಿಗೂ ಅದು ದಾಟುತ್ತದೆ. ಹ್ಯಾಮರ್‌ಸ್ಮಿತ್ತಿನಲ್ಲಿ 1959ರಲ್ಲಿ ಹಬ್ಬಿದ ಸಾಲ್ಮೊನೆಲ್ಲ ಸೋಂಕಿನಲ್ಲಿ ಅಂಥ ವರ್ಗಾವಣೆಯನ್ನು ದತ್ತ ಕಂಡುಕೊಂಡರು.

1965ರಲ್ಲಿ ಗ್ರೀಸಿನ ಸಹೋದ್ಯೋಗಿಯೊಡನೆ ಅವರು ಪ್ರಕಟಿಸಿದ ಲೇಖನದಲ್ಲಿ, ಅಥೆನ್ಸಿನ ರೋಗಿಯೊಬ್ಬರಿಂದ ದೊರೆತ ಇ. ಕೋಲಿಯ ಪೆನಿಸಿಲಿನೇಸ್ ಇಂಥದೇ ಬಳೆಯ ಮೇಲೆ ಸವಾರಿ ಮಾಡುತ್ತಿತ್ತೆಂಬ ಸಂಗತಿಯಿತ್ತು. ಆ ರೋಗಿಯ ಹೆಸರಿನ ಮೊದಲ ಮೂರಕ್ಷರಗಳಿಂದಲೇ ಕಿಣ್ವಕ್ಕೆ ‘ಟೆಮ್’ ಎಂಬ ಹೆಸರು ನಿಂತಿತು. ಯಾವುದೋ ಊರಿನ ಯಾವುದೋ ಮಂಚದ ಮೇಲೆ ಮಲಗಿದ್ದ ಒಂದು ಜೀವದ ಹೆಸರಿನ ತುಣುಕು ಇಂದು ಲೋಕದ ಸಮಸ್ತ ಸೂಕ್ಷ್ಮಜೀವಿ ಪ್ರಯೋಗಶಾಲೆಗಳಲ್ಲಿ ದಿನವೂ ಉಚ್ಚರಿಸಲ್ಪಡುತ್ತಿದೆ.

ಔಷಧ ಮುಂದೆ, ಕಿಣ್ವ ಹಿಂದೆ

ಯುದ್ಧಾನಂತರದ ದಶಕಗಳ ಇತಿಹಾಸ ಓಟದ ಪಂದ್ಯದಂತಿದೆ. ಪೆನಿಸಿಲಿನೇಸಿಗೆ ಸಿಕ್ಕದ ಮೆಥಿಸಿಲಿನ್ ಬಂತು. 1961ರಲ್ಲೇ ಅದಕ್ಕೂ ಮಣಿಯದ ಸ್ಟ್ಯಾಫಿಲೊಕಾಕಸ್ ವರದಿಯಾಯಿತು. ಅಲ್ಲಿ ನಡೆದದ್ದು ಉಂಗುರ ಮುರಿಯುವ ಕೆಲಸವಲ್ಲ. ಔಷಧ ಹಿಡಿಯದಂತಹ ಬೇರೊಬ್ಬ ನೇಕಾರನನ್ನೇ ಬ್ಯಾಕ್ಟೀರಿಯ ತಂದಿಟ್ಟುಕೊಂಡಿತ್ತು. ಸಾರ್ಡಿನಿಯ ದ್ವೀಪದ ಕಾಲ್ಯಾರಿ ಪಟ್ಟಣದ ಕಡಲತೀರದಲ್ಲಿ, ಕೊಳಚೆ ನೀರು ಸಮುದ್ರ ಸೇರುವ ಎಡೆಯಲ್ಲಿ, ಜುಸೆಪ್ಪೆ ಬ್ರೊಟ್ಸು 1945ರಲ್ಲಿ ಕಂಡುಕೊಂಡ ಒಂದು ಬೂಷ್ಟಿನಿಂದ ಸೆಫಲೊಸ್ಪೊರಿನ್ ವಂಶ ಬೆಳೆಯಿತು. ಪೆನಿಸಿಲಿನೇಸನ್ನು ಹೆಸರಿಸಿದ ಏಬ್ರಹಾಮರೇ ನ್ಯೂಟನ್ನರೊಡಗೂಡಿ, ಅದಕ್ಕೆ ಜಗ್ಗದ ಸೆಫಲೊಸ್ಪೊರಿನ್-ಸಿ ವಸ್ತುವನ್ನು ಆ ಬೂಷ್ಟಿನಿಂದ ಬೇರ್ಪಡಿಸಿದರು. ಶತ್ರುವನ್ನು ಮೊದಲು ಕಂಡವನೇ ಅದಕ್ಕೆ ಮದ್ದನ್ನೂ ಅರಸಿ ತಂದ ಈ ನಿಷ್ಠೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸೆಫಲೊಸ್ಪೊರಿನ್ನುಗಳ ಮೂರನೆಯ ತಲೆಮಾರು, ಅಂದರೆ ನಮ್ಮ ಔಷಧದಂಗಡಿಗಳಲ್ಲಿ ಇಂದು ಬಾಯಿಪಾಠವಾಗಿರುವ ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್‌ಗಳ ತಲೆಮಾರು, ಟೆಮ್-1 ಕಿಣ್ವದ ಮಡಿಲಿಗೆ ಹಿಡಿಸದಷ್ಟು ದಪ್ಪನೆಯ ಅಣುಗಳದು. ಇನ್ನು ನಿಶ್ಚಿಂತೆ ಎಂದುಕೊಂಡಿರುವಾಗಲೇ, 1983ರಲ್ಲಿ ಜರ್ಮನಿಯಿಂದ ಬಂದ ವರದಿಯೊಂದು, ಕ್ಲೆಬ್ಸಿಯೆಲ್ಲ ಬ್ಯಾಕ್ಟೀರಿಯದ ಹಳೆಯ ಕಿಣ್ವವೊಂದು ತನ್ನ ಮಡಿಲನ್ನು ಅಗಲಮಾಡಿಕೊಂಡಿದೆಯೆಂದು ಸಾರಿತು. ಸರಪಳಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿತ್ತು, ಅಷ್ಟೇ. ಇಂಥ ವಿಸ್ತೃತ ವ್ಯಾಪ್ತಿಯ ಬೀಟಾ-ಲ್ಯಾಕ್ಟಮೇಸುಗಳೇ ನಮ್ಮತ್ತೆಯ ರಿಪೋರ್ಟಿನ ನಾಲ್ಕಕ್ಷರ: ಇ.ಎಸ್.ಬಿ.ಎಲ್.

ಅವುಗಳಲ್ಲಿ ಈಗ ಲೋಕವ್ಯಾಪಿಯಾದದ್ದು ಸಿ.ಟಿ.ಎಕ್ಸ್.-ಎಂ ಕುಲ. ‘ಎಂ’ ಎಂದರೆ ಮ್ಯೂನಿಕ್ ನಗರ. ಮಣ್ಣುನೀರುಗಳಲ್ಲಿ ಯಾರ ಗೋಜಿಗೂ ಹೋಗದೆ ಬದುಕುವ ಕ್ಲೈವೆರ ಎಂಬ ಬ್ಯಾಕ್ಟೀರಿಯದ ವರ್ಣತಂತುವಿನಲ್ಲಿದ್ದ ಜೀನು, ತಾನೇ ಜಿಗಿಯಬಲ್ಲ ಡಿಎನ್‌ಎ ತುಣುಕೊಂದರ ಬೆನ್ನೇರಿ ಪ್ಲಾಸ್ಮಿಡ್ಡಿಗೆ ದಾಟಿ ಆಸ್ಪತ್ರೆಯನ್ನು ಹೊಕ್ಕಿತು. ಅದರ 15ನೆಯ ರೂಪ ಮೊದಲು ಗುರುತಿಸಲ್ಪಟ್ಟದ್ದು 1999ರಲ್ಲಿ ದೆಹಲಿಯಿಂದ ದೊರೆತ ಬ್ಯಾಕ್ಟೀರಿಯಗಳಲ್ಲಿ. ಆಸ್ಪತ್ರೆಯ ಬಾಗಿಲು ದಾಟಿ ಮನೆಮನೆಯ ಮೂತ್ರಸೋಂಕುಗಳನ್ನು ಹೊಕ್ಕ ರೂಪವೂ ಅದೇ.

ನಡುವೆ ಮನುಷ್ಯನ ಜಾಣ್ಮೆಯ ಒಂದು ಗೆಲುವೂ ಇದೆ. ಸ್ಟ್ರೆಪ್ಟೊಮೈಸಿಸ್ ಕುಲದ ಮಣ್ಣಿನ ಬ್ಯಾಕ್ಟೀರಿಯವೊಂದು ತಯಾರಿಸುವ ಕ್ಲಾವುಲನಿಕ್ ಆಮ್ಲ ತಾನಾಗಿ ಬ್ಯಾಕ್ಟೀರಿಯವನ್ನು ಕೊಲ್ಲಲಾರದು. ಆದರೆ ಅದನ್ನು ಮುರಿಯಹೋದ ಕಿಣ್ವದ ಬಾಯಿಗೆ ಅಂಟಿನಂತೆ ಮೆತ್ತಿಕೊಂಡು ಬಿಡಿಸಿಕೊಳ್ಳಲಾಗದಂತೆ ಮಾಡುತ್ತದೆ. ಅಮಾಕ್ಸಿಸಿಲಿನ್ನಿನ ಸಂಗಡ ಅದನ್ನು ಜೋಡಿಸಿದ ಗುಳಿಗೆ 1981ರಲ್ಲಿ ಬಂತು. ತಾನು ನಾಶವಾಗಿ ತನ್ನ ಜತೆಗಾರನನ್ನು ಕಾಯುವ ಈ ಅಣುವಿನಿಂದ ಉಳಿದ ಪ್ರಾಣಗಳು ಅಗಣಿತ.

> ಮುರಿಯದೆ ಕೆಡಿಸುವವು
> ಎಲ್ಲ ಕಿಣ್ವಗಳೂ ಔಷಧವನ್ನು ಮುರಿಯುವುದಿಲ್ಲ. ಜೆಂಟಾಮೈಸಿನ್‌ನಂತಹ ಚುಚ್ಚುಮದ್ದಿನ ಅಣುವಿಗೆ ಒಂದು ಪುಟ್ಟ ರಾಸಾಯನಿಕ ಗುಂಪನ್ನು ಅಂಟಿಸಿ ನಿಷ್ಪ್ರಯೋಜಕ ಮಾಡುವ ಕಿಣ್ವಗಳುಂಟು. ಅವುಗಳಲ್ಲೊಂದು, ಎರಡೇ ಅಮೈನೊ ಆಮ್ಲಗಳ ಬದಲಾವಣೆಯಿಂದ, ತನಗೆ ಸಂಬಂಧವೇ ಇಲ್ಲದ ಸಿಪ್ರೊಫ್ಲಾಕ್ಸಾಸಿನ್ನನ್ನೂ ಕೆಡಿಸಲು ಕಲಿತದ್ದು 2006ರಲ್ಲಿ ಪ್ರಕಟವಾಯಿತು. ಇನ್ನೊಂದು, ಔಷಧದ ಗೋಜಿಗೇ ಹೋಗದೆ ಬ್ಯಾಕ್ಟೀರಿಯದ ಹೊರಮೈಯ ರಸಾಯನವನ್ನೇ ಬದಲಿಸಿ ಕೊಲಿಸ್ಟಿನ್ ಎಂಬ ಔಷಧ ಅಂಟದಂತೆ ಮಾಡುತ್ತದೆ. ಪ್ಲಾಸ್ಮಿಡ್ಡಿನ ಮೇಲೆ ಚಲಿಸುವ ಎಂ.ಸಿ.ಆರ್.-1 ಎಂಬ ಈ ಕಿಣ್ವದ ವರದಿ 2015ರಲ್ಲಿ ಚೀನಾದಿಂದ ಬಂತು.

ಹೆಸರಿನ ಜಗಳ, ನೀರಿನ ಸಾಕ್ಷ್ಯ

ಇ.ಎಸ್.ಬಿ.ಎಲ್. ಹೊತ್ತ ಬ್ಯಾಕ್ಟೀರಿಯಗಳಿಗೆ ವೈದ್ಯರು ಕೊಡುವ ನೆಚ್ಚಿನ ಔಷಧ ಕಾರ್ಬಪೆನೆಮ್. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಒಂದರಿಂದ 1970ರ ದಶಕದಲ್ಲಿ ದೊರೆತ ಥೀನಮೈಸಿನ್ ಇದರ ಮೂಲಪುರುಷ. 1985ರಲ್ಲಿ ಬಳಕೆಗೆ ಬಂದ ಇಮಿಪೆನೆಮ್ ಮೊದಲ ಸಂತಾನ. ನಮ್ಮ ಮೂತ್ರಪಿಂಡದ ಕಿಣ್ವವೊಂದೂ ಇಮಿಪೆನೆಮ್ಮನ್ನು ಮುರಿಯುತ್ತದೆಂದು ಅದಕ್ಕೊಂದು ಕಾವಲು ಔಷಧವನ್ನು ಜೊತೆಗೆ ಕೊಡಬೇಕಾಯಿತು. ಬ್ಯಾಕ್ಟೀರಿಯದ ಕಿಣ್ವಗಳಂತೂ ಸುಮ್ಮನಿರಲಿಲ್ಲ. ಅಮೆರಿಕದ ಉತ್ತರ ಕ್ಯಾರೊಲಿನದಲ್ಲಿ 1996ರಲ್ಲಿ ಸಂಗ್ರಹಿಸಿದ ಕ್ಲೆಬ್ಸಿಯೆಲ್ಲದಲ್ಲಿ ಕೆ.ಪಿ.ಸಿ., ಇಟಲಿಯ ವೆರೋನದಲ್ಲಿ ವಿಮ್, ಇಸ್ತಾಂಬುಲ್ಲಿನಲ್ಲಿ ಆಕ್ಸಾ-48 ಒಂದೊಂದಾಗಿ ತಲೆಯೆತ್ತಿದವು.

ಆಮೇಲೆ ಬಂದದ್ದು ನಮ್ಮ ರಾಜಧಾನಿಯ ಹೆಸರು ಹೊತ್ತ ಕಿಣ್ವ. ಸ್ವೀಡನ್ನಿನಲ್ಲಿ ನೆಲೆಸಿದ್ದ ಭಾರತೀಯ ಮೂಲದ ರೋಗಿಯೊಬ್ಬರು ದೆಹಲಿಯಲ್ಲಿ ಆಸ್ಪತ್ರೆವಾಸ ಮಾಡಿ ಹಿಂದಿರುಗಿದ ಮೇಲೆ, 2008ರಲ್ಲಿ ಅವರಿಂದ ದೊರೆತ ಕ್ಲೆಬ್ಸಿಯೆಲ್ಲದಲ್ಲಿ ಕಂಡುಬಂದ ಈ ಕಿಣ್ವವನ್ನು ‘ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್’, ಸಂಕ್ಷೇಪವಾಗಿ ಎನ್.ಡಿ.ಎಂ.-1 ಎಂದು ಕರೆದರು. ಇದು ನೇಕಾರನ ವಂಶದ್ದಲ್ಲ. ಎರಡು ಸತುವಿನ ಪರಮಾಣುಗಳನ್ನು ಮಡಿಲಲ್ಲಿಟ್ಟುಕೊಂಡು, ಅವುಗಳ ಬಲದಿಂದ ನೀರನ್ನೇ ಆಯುಧವಾಗಿಸಿ ಉಂಗುರವನ್ನು ಸೀಳುವ ಬೇರೆಯದೇ ಕುಲ. ಆದಕಾರಣ ಕ್ಲಾವುಲನಿಕ್ ಆಮ್ಲದಂತಹ ಅಂಟು ಇದಕ್ಕೆ ಹತ್ತುವುದಿಲ್ಲ.

2010ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಬಳಗದ ಸೋಂಕುರೋಗಗಳ ಪತ್ರಿಕೆಯಲ್ಲಿ ಕಾರ್ತಿಕೇಯನ್ ಕುಮಾರಸಾಮಿ, ಟಿಮತಿ ವಾಲ್ಶ್ ಮೊದಲಾದವರು ಚೆನ್ನೈಯಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್ನಿನಲ್ಲಿ 37, ಭಾರತ-ಪಾಕಿಸ್ತಾನಗಳ ಇತರ ಎಡೆಗಳಲ್ಲಿ 73 ಮಾದರಿಗಳಲ್ಲಿ ಇದನ್ನು ಕಂಡೆವೆಂದು ಬರೆದಾಗ ನಮ್ಮಲ್ಲಿ ಕೋಲಾಹಲವೆದ್ದಿತು. ದೇಶದ ಹೆಸರಿಗೆ ಕಳಂಕ ತರುವ ಹುನ್ನಾರವಿದು, ವೈದ್ಯಕೀಯ ಪ್ರವಾಸವನ್ನು ಕೆಡಿಸುವ ಯತ್ನವಿದು ಎಂದು ಸಂಸತ್ತಿನಲ್ಲೂ ಕೂಗೆದ್ದಿತು. ನಗರದ ಹೆಸರನ್ನು ರೋಗದ ಸಂಗತಿಗೆ ಕಟ್ಟುವುದು ಒಳ್ಳೆಯ ರೂಢಿಯಲ್ಲ, ಒಪ್ಪಿದೆ. ಆದರೆ ಮ್ಯೂನಿಕ್ಕೂ ವೆರೋನವೂ ಆ ಪಟ್ಟಿಯಲ್ಲಿ ಮೊದಲೇ ಇದ್ದವು. ಹೆಸರಿಗಾಗಿ ನಾವು ವ್ಯಯಿಸಿದ ಆ ಆವೇಶದ ಹತ್ತರಲ್ಲೊಂದು ಪಾಲನ್ನು ಆಸ್ಪತ್ರೆಯ ಕೈತೊಳೆಯುವ ತೊಟ್ಟಿಗೂ ಊರಿನ ಒಳಚರಂಡಿಗೂ ಮೀಸಲಿಟ್ಟಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ ಎಂದು ನನ್ನ ಮನಸ್ಸು ಇಂದಿಗೂ ನೋಯುತ್ತದೆ.

ಏಕೆಂದರೆ ಮರುವರ್ಷವೇ ನೀರು ಸಾಕ್ಷಿ ನುಡಿಯಿತು. ದೆಹಲಿಯ ಬೀದಿಗಳಲ್ಲಿ ಜಿನುಗಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲೂ, ಕುಡಿಯುವ ನಲ್ಲಿನೀರಿನ 50 ಮಾದರಿಗಳಲ್ಲಿ 2ರಲ್ಲೂ ಎನ್.ಡಿ.ಎಂ.-1ರ ಜೀನು ದೊರೆಯಿತೆಂದು 2011ರಲ್ಲಿ ಪ್ರಕಟವಾಯಿತು. ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಆ ಪ್ಲಾಸ್ಮಿಡ್ಡುಗಳು ದಾಟುವ ಕ್ರಿಯೆ ಮೈಶಾಖವಾದ 37 ಡಿಗ್ರಿಗಿಂತ 30 ಡಿಗ್ರಿಯಲ್ಲೇ ಹೆಚ್ಚು ಚುರುಕಾಗಿತ್ತು. 30 ಡಿಗ್ರಿ ಎಂದರೆ ನಮ್ಮ ಚರಂಡಿಗಳ ಶಾಖ.

ಹಿಮದಡಿಯ ಜೀನು

ಕೆನಡಾದ ಯೂಕಾನ್ ಪ್ರಾಂತದಲ್ಲಿ, 30,000 ವರ್ಷಗಳಿಂದ ಕರಗದ ಹಿಮಮಣ್ಣನ್ನು ಕೊರೆದು ತೆಗೆದ ವಿಜ್ಞಾನಿಗಳು, ಉಣ್ಣೆಯಾನೆಗಳ ಕಾಲದ ಆ ಮಣ್ಣಿನಲ್ಲಿ ಬೀಟಾ-ಲ್ಯಾಕ್ಟಮೇಸಿನ ಜೀನುಗಳನ್ನು ಕಂಡದ್ದೂ 2011ರಲ್ಲೇ. ಫ್ಲೆಮಿಂಗನ ತಟ್ಟೆಯೂ ಇಲ್ಲ, ಔಷಧದಂಗಡಿಯೂ ಇಲ್ಲ. ಕಿಣ್ವ ಮಾತ್ರ ಇತ್ತು. ಬೂಷ್ಟುಗಳೂ ಬ್ಯಾಕ್ಟೀರಿಯಗಳೂ ಮಣ್ಣಿನಲ್ಲಿ ಒಂದನ್ನೊಂದು ಎದುರಿಸಿ ಬದುಕಿದ ಅನಾದಿಕಾಲದ ಆಯುಧಗಳಿವು. ಇವುಗಳ ವಯಸ್ಸನ್ನು ಇನ್ನೂರು ಕೋಟಿ ವರ್ಷಗಳಿಗೂ ಮಿಗಿಲೆಂದು ಅಂದಾಜಿಸಿದವರಿದ್ದಾರೆ.

ಹೀಗಿರಲಾಗಿ ಕಿಣ್ವವನ್ನು ನಾವು ಸೃಷ್ಟಿಸಿದೆವೆನ್ನುವುದು ಸಲ್ಲದ ಮಾತು. ಮಣ್ಣಿನಲ್ಲಿ ಚದರಿ ಅಲ್ಲೊಂದು ಇಲ್ಲೊಂದು ಇದ್ದುದನ್ನು ಒಟ್ಟುಗೂಡಿಸಿ, ಆಸ್ಪತ್ರೆಯ ಮಂಚಕ್ಕೆ ಹಾದಿ ತೋರಿಸಿದವರು ನಾವು. ನೆಗಡಿಗೆ ಬೇಡದ ಗುಳಿಗೆ ಒಂದು ಹಾದಿ. ಕೋಳಿಗಳು ಬೇಗ ಬಲಿಯಲೆಂದು ಮೇವಿನಲ್ಲಿ ಬೆರೆಸಿದ ಔಷಧ ಒಂದು ಹಾದಿ. ಕೊಲಿಸ್ಟಿನ್ನನ್ನು ಹಾಗೆ ಬಳಸುವುದನ್ನು ನಮ್ಮ ಸರಕಾರ 2019ರ ಜುಲೈಯಲ್ಲಿ ನಿಷೇಧಿಸಿತು. ಒಬ್ಬ ರೋಗಿಯನ್ನು ಮುಟ್ಟಿ ತೊಳೆಯದೆ ಇನ್ನೊಬ್ಬನನ್ನು ಮುಟ್ಟಿದ ಕೈ ಎಲ್ಲಕ್ಕಿಂತ ಸಮೀಪದ ಹಾದಿ.

2012ರಲ್ಲಿ ದೇಶದ ವೈದ್ಯಸಂಘಗಳು ಕೂಡಿ ಹೊರಡಿಸಿದ ಚೆನ್ನೈ ಘೋಷಣೆಯ ತರುವಾಯ, 2014ರ ಮಾರ್ಚಿನಿಂದ ‘ಎಚ್-1’ ಅನುಸೂಚಿ ಜಾರಿಗೆ ಬಂತು. ಮೂರನೆಯ ತಲೆಮಾರಿನ ಸೆಫಲೊಸ್ಪೊರಿನ್ನು, ಕಾರ್ಬಪೆನೆಮ್ ಮೊದಲಾದವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಬರೆದ ವೈದ್ಯ, ಕೊಂಡ ರೋಗಿ, ಮಾರಿದ ಪ್ರಮಾಣ ಇವನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ನಿಯಮ ಸ್ಪಷ್ಟವಾಗಿದೆ. ಅದನ್ನು ಪಾಲಿಸುವ ಅಂಗಡಿ ಯಾವುದೆಂದು ಪ್ರತಿಯೊಂದು ಊರಿನವರಿಗೂ ಗೊತ್ತು. ಪಾಲಿಸದ ಅಂಗಡಿ ಯಾವುದೆಂದೂ ಗೊತ್ತು.

> ಲೆಕ್ಕ
> ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳೇ ನೇರ ಕಾರಣವಾಗಿ 2019ರಲ್ಲಿ ಲೋಕದಾದ್ಯಂತ ಸತ್ತವರು 12.7 ಲಕ್ಷ, ಅಂಥ ಸೋಂಕು ಒಂದಲ್ಲ ಒಂದು ರೀತಿಯಲ್ಲಿ ಸೇರಿಕೊಂಡಿದ್ದ ಸಾವುಗಳು 49.5 ಲಕ್ಷ. ಲ್ಯಾನ್ಸೆಟ್ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಂದಾಜಿದು.

ಭರವಸೆ ಇಲ್ಲದಿಲ್ಲ. ಅವಿಬಾಕ್ಟಮ್ ಎಂಬ ಹೊಸ ಅಂಟು ಕೆ.ಪಿ.ಸಿ.ಯನ್ನೂ ಆಕ್ಸಾ-48ನ್ನೂ ಹಿಡಿಯುತ್ತದೆ. ಸತುವಿನ ಕಿಣ್ವಗಳು ಅಜ್‌ಟ್ರಿಯೊನಾಮ್ ಎಂಬ ಹಳೆಯ ಔಷಧವನ್ನು ಮುರಿಯಲಾರವು. ಅದನ್ನು ಮುರಿಯಬಲ್ಲ ಇತರ ಕಿಣ್ವಗಳ ಬಾಯನ್ನು ಅವಿಬಾಕ್ಟಮ್ ಕಟ್ಟುತ್ತದೆ. ಆದುದರಿಂದ ಎರಡನ್ನೂ ಕೂಡಿಸಿ ಎನ್.ಡಿ.ಎಂ. ಪೀಡಿತರನ್ನು ಉಳಿಸುವ ಕ್ರಮ ನಮ್ಮ ತೀವ್ರನಿಗಾ ಘಟಕಗಳಲ್ಲಿ ರೂಢಿಗೆ ಬಂದಿದೆ. ಇ.ಎಸ್.ಬಿ.ಎಲ್. ಕಿಣ್ವಗಳನ್ನು ಕಟ್ಟಿಹಾಕುವ ಎನ್‌ಮೆಟಜೊಬಾಕ್ಟಮ್ ಹುಟ್ಟಿದ್ದು ಚೆನ್ನೈಯ ಆರ್ಕಿಡ್ ಕಂಪೆನಿಯ ಪ್ರಯೋಗಶಾಲೆಯಲ್ಲಿ. 2024ರ ಫೆಬ್ರವರಿಯಲ್ಲಿ ಅಮೆರಿಕ ಅದಕ್ಕೆ ಮನ್ನಣೆಯಿತ್ತಿತು. ನೆರೆಯ ಊರಿನಲ್ಲಿ ಮೂಡಿದ ಅಣುವೊಂದು ಹೀಗೆ ಲೋಕಕ್ಕೆ ಸಂದದ್ದು ಎದೆಯುಬ್ಬಿಸುವ ಸಂಗತಿ.

ನಮ್ಮತ್ತೆ ಉಳಿದರು. ಮೆರೊಪೆನೆಮ್ ಎಂಬ ಕಾರ್ಬಪೆನೆಮ್ಮನ್ನು ಏಳು ದಿನ ರಕ್ತನಾಳಕ್ಕೆ ಕೊಟ್ಟ ಮೇಲೆ ಜ್ವರ ಬಿಟ್ಟಿತು. ಮನೆಗೆ ಬಂದ ಮಾರನೆಯ ದಿನ, ಅಡುಗೆಮನೆಯ ಮೇಲಟ್ಟದಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಇಳಿಸಿ ತಂದು ನನ್ನ ಮುಂದಿಟ್ಟರು. ತುಂಬ ಗುಳಿಗೆಯ ಹಾಳೆಗಳು. ಜ್ವರ ಬಂದಾಗ ಎರಡು, ಭೇದಿಯಾದಾಗ ಎರಡು, ಮೊಮ್ಮಗನಿಗೆ ಕೆಮ್ಮು ಬಂದಾಗ ಒಂದು, ಎಂದು ಬೀದಿಯ ಅಂಗಡಿಯಿಂದ ಬಿಡಿಯಾಗಿ ತಂದು, ಅರ್ಧ ನುಂಗಿ, ವಾಸಿಯಾಯಿತೆಂದು ಉಳಿದರ್ಧವನ್ನು ‘ಇನ್ನೊಂದು ಸಲಕ್ಕಾಯಿತು’ ಎಂದು ಎತ್ತಿಟ್ಟದ್ದು. ಸೆಫಿಕ್ಸಿಮ್ ಇತ್ತು, ಸಿಪ್ರೊಫ್ಲಾಕ್ಸಾಸಿನ್ ಇತ್ತು, ಅಮಾಕ್ಸಿಸಿಲಿನ್ ಇತ್ತು. ರಿಪೋರ್ಟಿನಲ್ಲಿ ‘ಆರ್’ ಎಂದು ಬರೆದಿದ್ದ ಹೆಸರುಗಳೆಲ್ಲ ಹೆಚ್ಚುಕಡಮೆ ಆ ಡಬ್ಬಿಯಲ್ಲಿದ್ದವು.

“ಇನ್ನು ಇವು ನನಗೆ ಬೇಡಪ್ಪ,” ಎಂದರು. “ಬಚ್ಚಲಿಗೆ ಸುರಿದುಬಿಡಲೇ?”

“ಬೇಡ ಅತ್ತೆ, ಬಚ್ಚಲ ನೀರು ಚರಂಡಿಗೆ ಹೋಗುತ್ತದೆ.”

“ಹಾಗಾದರೆ ಹಿತ್ತಿಲ ತಿಪ್ಪೆಗೆ ಎಸೆದರಾಯಿತು. ಮಣ್ಣಿಗೇನಾಗುತ್ತೆ, ಎಲ್ಲ ತಿಂದುಕೊಳ್ಳುತ್ತೆ.”

ನಾನು ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು, ಮಳೆ ನಿಂತ ಹಿತ್ತಿಲಿನ ಕಪ್ಪು ಮಣ್ಣನ್ನು ನೋಡುತ್ತ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ.